ಏಕಾಂತ ಮತ್ತು ಸ್ವಾಧ್ಯಾಯದ ತಾಣಗಳು



ಸ್ವಾಧ್ಯಾಯವು ಅಂತರಂಗ ತಪಸ್ಸುಗಳಲ್ಲೊಂದು. ಅದಕ್ಕೆ ತಕ್ಕ ಸ್ಥಳವೂ ಬೇಕೆಂದು ಅರಿತ ಪೂರ್ವಿಕರು ಮೊದಲು ಗುಹೆಗಳನ್ನು ಆಶ್ರಯಿಸಿದರು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ಭದ್ರಬಾಹು ಗುಹೆಯು ಧ್ಯಾನ ಹಾಗೂ ಸಮಾಧಿಮರಣದ ತಾಣವೆಂದು ಪೂಜ್ಯವಾಗಿದೆ. ಗಿರಿನಾರದ ಚಂದ್ರಗುಹೆಯಲ್ಲಿ ಧರಸೇನಾಚಾರ್ಯರು ಪುಷ್ಪದಂತ, ಭೂತಬಲಿ ಎಂಬ ಮುನಿಗಳಿಗೆ ಶ್ರುತಬೋಧೆ ಮಾಡಿದರೆಂದು ಪರಂಪರೆ ಹೇಳುತ್ತದೆ. ಅದರ ಫಲವೇ ಷಟ್ಖಂಡಾಗಮ.

ಈ ಗ್ರಂಥಕ್ಕೆ ವೀರಸೇನಾಚಾರ್ಯರು ರಚಿಸಿದ ಧವಳಾ ಟೀಕೆಯ ತಾಳೆಗರಿ ಪ್ರತಿಗಳು ನಮ್ಮ ಸಮೀಪದ ಮೂಡುಬಿದಿರೆಯ ಗುರುಬಸದಿಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳೆಗನ್ನಡ. ಆದರೆ ಬಹುಕಾಲ ಅವು ದರ್ಶನದ ವಸ್ತುವಾಗಿಯೇ ಉಳಿದವು; ಓದಿದವರು ವಿರಳ. 1939ರಲ್ಲಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಹಿಂದಿ ಅನುವಾದಸಹಿತ ಪ್ರಥಮ ಸಂಪುಟ ಅಚ್ಚಾದ ಬಳಿಕವೇ ಎಲ್ಲರಿಗೂ ಓದುವ ಮಾರ್ಗ ತೆರೆಯಿತು.

ತಕ್ಕಡಿ ಮತ್ತು ಲೆಕ್ಕಪುಸ್ತಕಗಳ ನಡುವೆ ಆಯುಷ್ಯ ಕಳೆದ ನಾನು ಸಹ ಬಸದಿಗೆ ಹೋದದ್ದು ದರ್ಶನಕ್ಕೆ. ಕುಳಿತು ಓದಿದ್ದು ಅತಿ ಕಡಿಮೆ. ಈ ಕೊರತೆ ಈಗ ಮನಸ್ಸನ್ನು ಕಾಡುತ್ತಿದೆ. ನಮ್ಮ ಮನೆಮಾತು ಕನ್ನಡ, ತುಳು, ಮಲಯಾಳ ಯಾವುದೇ ಆಗಿರಲಿ, ಮನೆಯಲ್ಲಿ ಒಂದು ಶಾಂತವಾದ ಮೂಲೆ, ಒಂದು ಗ್ರಂಥ, ದಿನಕ್ಕೆ ಅರ್ಧ ಗಂಟೆ ಮೀಸಲಿಡೋಣ. ಮಕ್ಕಳನ್ನೂ ಜೊತೆಗೆ ಕುಳ್ಳಿರಿಸೋಣ. ಓದುವವರಿದ್ದರೆ ಆ ಮೂಲೆಯೇ ಚಂದ್ರಗುಹೆ.

ಜೈ ಜಿನೇಂದ್ರ.