ಮೀನು ತರುವ ಮೊದಲು ನೀರನ್ನು ಸಿದ್ಧಪಡಿಸುವುದು ಹೇಗೆ?

ನಮ್ಮ ಮೊಹಲ್ಲಾದ ಮಸೀದಿಯಲ್ಲಿ ವುಜೂ ಮಾಡುವ ಹೌಜ್ ಇದೆ. ಅದರಲ್ಲಿ ಫಿಲ್ಟರ್ ಇಲ್ಲ, ಆದರೂ ಮೀನುಗಳು ವರ್ಷಗಟ್ಟಲೆ ಬದುಕಿವೆ. ನಮ್ಮ ಮನೆಯ ಹೊಸ ಅಕ್ವೇರಿಯಂನಲ್ಲಿ ಫಿಲ್ಟರ್ ಇತ್ತು, ಲೈಟ್ ಇತ್ತು, ನೀರೂ ತಿಳಿಯಾಗಿತ್ತು. ಆದರೂ ರಜೆಯಲ್ಲಿ ತಂದ ಆರು ಗಪ್ಪಿ ಮೀನುಗಳು ಐದೇ ದಿನದಲ್ಲಿ ಸತ್ತವು. ಕೊನೆಯ ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುವುದನ್ನು ನೋಡಿ ನನ್ನ ತಂಗಿ ಅತ್ತಳು. “ಬೇಜುಬಾನ್ ಜೀವ ಬೇಟಾ, ಸಾಕಲು ಬಾರದಿದ್ದರೆ ತರಬಾರದು” ಎಂದರು ಅಮ್ಮಿ.

ಮೀನು ಕೊಟ್ಟ ಅಂಗಡಿಯವರು “ನೀರು ತುಂಬಿಸಿ, ಒಂದು ದಿನ ಬಿಟ್ಟು ಮೀನು ಹಾಕಿ” ಎಂದಿದ್ದರು. ಅಷ್ಟು ಸಾಲದು ಎಂದು ನನಗೆ ತಿಳಿದದ್ದು ನಮ್ಮ ಕಾಲೇಜಿನ ರಸಾಯನಶಾಸ್ತ್ರ ಉಪನ್ಯಾಸಕರನ್ನು ಕೇಳಿದ ಮೇಲೆ. “ಕಾಮರ್ಸ್‌ನವನಿಗೆ ಲ್ಯಾಬ್‌ನಲ್ಲಿ ಏನಪ್ಪಾ ಕೆಲಸ?” ಎಂದು ನಕ್ಕರೂ, ಸರ್ ಕೂರಿಸಿಕೊಂಡು ವಿವರಿಸಿದರು.

ನೀರಿನಲ್ಲಿ ಏನಾಗುತ್ತದೆ?

ಮೀನಿನ ಮಲ ಮತ್ತು ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಮೀನು ಕಿವಿರಿನ ಮೂಲಕವೂ ಅಮೋನಿಯಾ ಬಿಡುತ್ತದೆ. ಅದು ಹೆಚ್ಚಾದರೆ ಅದೇ ಕಿವಿರನ್ನು ಸುಡುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇದೂ ವಿಷವೇ, ಏಕೆಂದರೆ ಮೀನಿನ ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದರ ಅಪಾಯ ಕಡಿಮೆ. ಆಗಾಗ ಸ್ವಲ್ಪ ನೀರು ಬದಲಿಸಿದರೆ ಸಾಕು. ಈ ಬ್ಯಾಕ್ಟೀರಿಯಾಗಳು ನೀರಿಗಿಂತ ಹೆಚ್ಚಾಗಿ ಫಿಲ್ಟರ್ ಸ್ಪಂಜ್, ಕಲ್ಲು, ಗಾಜಿನ ಮೇಲೆ ಅಂಟಿಕೊಂಡಿರುತ್ತವೆ. ಹೌಜ್‌ನಲ್ಲಿ ನೀರು ಹೆಚ್ಚು, ಮೀನು ಕಡಿಮೆ, ಪಾಚಿ ಹಿಡಿದ ಹಳೆಯ ಕಲ್ಲುಗಳ ಮೇಲೆ ಬ್ಯಾಕ್ಟೀರಿಯಾ ಮೊದಲೇ ನೆಲೆಸಿವೆ. ನಮ್ಮ ಹೊಸ ತೊಟ್ಟಿಯಲ್ಲಿ ಅವು ಬೆಳೆದಿರಲಿಲ್ಲ. ಅವು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಇದಕ್ಕೇ ‘ಸೈಕ್ಲಿಂಗ್’ ಎನ್ನುತ್ತಾರೆ.

ನನ್ನ ಎರಡನೇ ಪ್ರಯತ್ನ

ಸುಮಾರು 50 ಲೀಟರ್ ನೀರು ತುಂಬಿಸಿ, ಮೀನಿಲ್ಲದೆಯೇ ದಿನವೂ ಒಂದು ಚಿಟಿಕೆ ಮೀನಿನ ಆಹಾರ ಹಾಕಿದೆ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ತಂದೆ. ಅಕೌಂಟೆನ್ಸಿ ನೋಟ್‌ಬುಕ್‌ನ ಹಿಂದಿನ ಪುಟಗಳಲ್ಲಿ ತಾರೀಖು ಹಾಕಿ ಬರೆದಿಟ್ಟೆ. 9ನೇ ದಿನ ಅಮೋನಿಯಾ 2 ಪಿಪಿಎಂ ಆಯಿತು. 18ನೇ ದಿನ 0.5ಕ್ಕೆ ಇಳಿದು, ನೈಟ್ರೈಟ್ ಕಾಣಿಸಿತು. ಖುಷಿಯಾಯಿತು. ಆದರೆ 23ನೇ ದಿನ ಅಮೋನಿಯಾ ಮತ್ತೆ 2ಕ್ಕೆ ಏರಿ, 30ನೇ ದಿನದವರೆಗೂ ಅಲ್ಲೇ ನಿಂತಿತು.

ಸರ್ ನನ್ನ ನೋಟ್‌ಬುಕ್ ನೋಡಿ ಒಂದು ಸಾಲಿನ ಮೇಲೆ ಬೆರಳಿಟ್ಟರು. “19ನೇ ದಿನ: ಸ್ಪಂಜ್ ಕಂದು ಬಣ್ಣಕ್ಕೆ ತಿರುಗಿತ್ತು, ನಲ್ಲಿಯಲ್ಲಿ ಚೆನ್ನಾಗಿ ತೊಳೆದೆ.” ನಲ್ಲಿ ನೀರಿನ ಕ್ಲೋರಿನ್ ಇರುವುದೇ ಬ್ಯಾಕ್ಟೀರಿಯಾ ಕೊಲ್ಲಲು. ನಾನು ಕೊಳೆ ಎಂದು ತೊಳೆದದ್ದರಲ್ಲೇ ಮೂರು ವಾರಗಳಿಂದ ಬೆಳೆಸಿದ ಬ್ಯಾಕ್ಟೀರಿಯಾ ಇದ್ದವು! ಇನ್ನೊಂದು ತಪ್ಪೂ ಸಿಕ್ಕಿತು. ಕರೆಂಟ್ ಬಿಲ್ ಉಳಿಸಲು ಅಬ್ಬಾ ರಾತ್ರಿ ಫಿಲ್ಟರ್ ಆಫ್ ಮಾಡುತ್ತಿದ್ದರು. ಈ ಬ್ಯಾಕ್ಟೀರಿಯಾಗಳಿಗೆ ಹರಿಯುವ ನೀರು, ಆಮ್ಲಜನಕ ಎರಡೂ ಬೇಕು. ಚಿಕ್ಕ ಫಿಲ್ಟರ್‌ಗೆ ಕೆಲವೇ ವ್ಯಾಟ್ ಸಾಕು ಎಂದು ಲೆಕ್ಕ ತೋರಿಸಿದ ಮೇಲೆ ಅಬ್ಬಾ ಒಪ್ಪಿದರು.

ಗೆಳೆಯನೊಬ್ಬನ ಹಳೆಯ ಅಕ್ವೇರಿಯಂನ ಸ್ಪಂಜನ್ನು ನಮ್ಮ ತೊಟ್ಟಿಯಲ್ಲಿ ಹಿಂಡಿ, ಫಿಲ್ಟರನ್ನು ಹಗಲೂ ರಾತ್ರಿ ಓಡಿಸಿದೆ. 46ನೇ ದಿನ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ.

ತೊಂದರೆ ಬಂದರೆ ಹೀಗೆ ನೋಡಿ

1. ಅಮೋನಿಯಾ ಏರುತ್ತಲೇ ಇಲ್ಲವೇ? ಬರೀ ನೀರಿನಲ್ಲಿ ಬ್ಯಾಕ್ಟೀರಿಯಾಗೆ ತಿನ್ನಲು ಏನೂ ಇಲ್ಲ. ಚಿಟಿಕೆ ಆಹಾರ ಹಾಕಿ.
2. ಏರಿದ್ದು ಇಳಿಯುತ್ತಿಲ್ಲವೇ? ಕ್ಲೋರಿನ್ ತೆಗೆಯುವ ದ್ರಾವಣ ಹಾಕಿದ್ದೀರಾ, ಫಿಲ್ಟರ್ ಸದಾ ಓಡುತ್ತಿದೆಯೇ ನೋಡಿ. 5 ಪಿಪಿಎಂ ದಾಟಿದ್ದರೆ ಅರ್ಧ ನೀರು ಬದಲಿಸಿ.
3. ನೈಟ್ರೈಟ್ ಇಳಿಯುತ್ತಿಲ್ಲವೇ? ಎರಡನೇ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತದೆ. ಕಾಯಿರಿ.
4. ಎಲ್ಲವೂ ನಿಂತುಹೋಗಿದೆಯೇ? ಪಿಎಚ್ ನೋಡಿ. 6ಕ್ಕಿಂತ ಕಡಿಮೆಯಾದರೆ ಬ್ಯಾಕ್ಟೀರಿಯಾದ ಕೆಲಸ ಬಹುಮಟ್ಟಿಗೆ ನಿಲ್ಲುತ್ತದೆ. ಸ್ವಲ್ಪ ನೀರು ಬದಲಿಸಿ.
5. ಸ್ಪಂಜ್ ಕಟ್ಟಿಕೊಂಡಿದೆಯೇ? ತೊಟ್ಟಿಯ ನೀರನ್ನೇ ಬಕೆಟ್‌ಗೆ ತೆಗೆದು ಅದರಲ್ಲಿ ಹಗುರವಾಗಿ ಹಿಂಡಿ.

ದಿನವೂ ಆಹಾರ ಹಾಕುತ್ತಿದ್ದರೂ ಕೆಲವು ದಿನ ಎರಡೂ ಸೊನ್ನೆಯಾಗಿಯೇ ಇದ್ದರೆ, ಅರ್ಧ ನೀರು ಬದಲಿಸಿ ಎರಡು ಮೂರು ಮೀನು ಮಾತ್ರ ತನ್ನಿ. ನಾನು ಮೂರು ಗಪ್ಪಿ ತಂದೆ. ಇಂದಿಗೆ ಎರಡು ತಿಂಗಳಾಯಿತು, ಮೂರೂ ಇವೆ. ಈಗ ಅಮ್ಮಿಯೇ ಅವಕ್ಕೆ ಬೆಳಿಗ್ಗೆ ಆಹಾರ ಹಾಕುತ್ತಾರೆ.

ಗೆಳೆಯರಲ್ಲಿ ಯಾರಾದರೂ ಹೊಸ ತೊಟ್ಟಿ ಇಡುವುದಾದರೆ ದ್ವಿತೀಯ ಪಿಯು ಕಾಮರ್ಸ್ ತರಗತಿಗೆ ಬನ್ನಿ. ನಮ್ಮ ಸ್ಪಂಜ್ ಹಿಂಡಿದ ಕಂದು ನೀರನ್ನು ಬಾಟಲಿಯಲ್ಲಿ ತಂದುಕೊಡುತ್ತೇನೆ. ಮೀನು ಮಾತ್ರ ಮೊದಲೇ ತರಬೇಡಿ.