ಸಂಖ್ಯೆಯ ಕಂಠಿಕೆ: ಮಹಾವೀರಾಚಾರ್ಯನ 12345654321

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲವೆಂದರೆ ಕನ್ನಡ ವಿದ್ವಾಂಸರಿಗೆ ಮೊದಲು ನೆನಪಾಗುವುದು ‘ಕವಿರಾಜಮಾರ್ಗ’. ಅದೇ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತ ಪದ್ಯಗಳಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವೂ ಗ್ರಂಥಸಂಪಾದನೆಯ ದೃಷ್ಟಿಯಿಂದ ಅಷ್ಟೇ ಕುತೂಹಲಕರವಾದುದು. ಗುಣಾಕಾರದ ಉದಾಹರಣೆಗಳಲ್ಲಿ ಅವನು ಕೆಲವು ಗುಣಲಬ್ಧಗಳನ್ನು ಅರಸನ ಕೊರಳಿನ ಕಂಠಿಕೆಗೆ ಹೋಲಿಸುತ್ತಾನೆ. ಎರಡು ತುದಿಗಳಿಂದಲೂ ಒಂದೇ ಬಗೆಯಾಗಿ ಓದಿಸಿಕೊಳ್ಳುವ ಸಂಖ್ಯೆಗಳಿವು. 27994681ನ್ನು 441ರಿಂದ ಗುಣಿಸಿದಾಗ ದೊರೆಯುವ 12345654321 ಇವುಗಳಲ್ಲಿ ಅತ್ಯಂತ ಸುಂದರವಾದುದು.

ಈ ಸಂಖ್ಯೆ 111111ರ ವರ್ಗ. 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13 ಮತ್ತು 37. ಮೊದಲ ಎರಡರ ಗುಣಲಬ್ಧ 21, ಅದರ ವರ್ಗ 441. ಉಳಿದ ಮೂರರ ಗುಣಲಬ್ಧ 5291, ಅದರ ವರ್ಗ 27994681. ಇದೇ ಹಾರವನ್ನು 12321 × 1002001 ಎಂದೂ ಬಿಡಿಸಬಹುದಿತ್ತು. ಆದರೆ ಅಲ್ಲಿ ಗುಣ್ಯ, ಗುಣಕಗಳೆರಡೂ ಆಗಲೇ ಚಿಕ್ಕ ಹಾರಗಳಾಗಿರುವುದರಿಂದ ಬೆರಗು ಮೊದಲೇ ಬಯಲಾಗುತ್ತದೆ. ಗ್ರಂಥದಲ್ಲಿರುವ ಜೋಡಿಯಲ್ಲಿ ಹಾರದ ಸುಳಿವೇ ಇಲ್ಲ. ಇದು ಗಣಿತಜ್ಞನ ಆಯ್ಕೆಯಷ್ಟೇ ಅಲ್ಲ, ಕವಿಯ ಆಯ್ಕೆಯೂ ಹೌದೆನಿಸುತ್ತದೆ. (ಒಂಬತ್ತು ಒಂದುಗಳವರೆಗೆ ಈ ಕ್ರಮ ನಿಲ್ಲುತ್ತದೆ, ಹತ್ತು ಒಂದುಗಳ ವರ್ಗ 1234567900987654321 ಆಗಿ ಹಾರ ಕೆಡುತ್ತದೆ.)

ಭೂತಸಂಖ್ಯಾಪದ್ಧತಿಯಲ್ಲಿ ಪದಗಳನ್ನು ಬಿಡಿ ಸ್ಥಾನದಿಂದ ಎಡಕ್ಕೆ ಇರಿಸುತ್ತಾ ಹೋಗಬೇಕೆಂಬುದು ಶಾಸನಗಳ ಶಕವರ್ಷಗಳನ್ನು ಓದಿದವರಿಗೆ ತಿಳಿದ ವಿಷಯ. ‘ಗಿರಿ-ರಸ’ ಎಂದರೆ 67, ದಿಕ್ಕು ತಪ್ಪಿದರೆ 76. ಕಂಠಿಕೆಗೆ ಈ ಅಪಾಯವಿಲ್ಲ. ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವ ಅಂಕಗಳೆಂದು ಹೇಳಿದರೆ ಸಾಕು, ಯಾವ ದಿಕ್ಕಿನಿಂದ ಬರೆದರೂ ಅದೇ ಸಂಖ್ಯೆ. ಮಹಾವೀರನು ಏಕದಿಂದ ಮಹಾಕ್ಷೋಭದವರೆಗೆ ಹೆಸರಿಸಿದ 24 ಸ್ಥಾನಗಳಲ್ಲಿ ಇದು ಹನ್ನೊಂದನೆಯದಾದ ಅರ್ಬುದವನ್ನು ಮುಟ್ಟುತ್ತದೆ. ಆದರೂ ಒಂದು ಸ್ಥಾನದ ಹೆಸರನ್ನೂ ಹೇಳಬೇಕಾಗಿಲ್ಲ.

ಗುಣ್ಯಕ್ಕೆ ಮಾತ್ರ ಇಂಥ ರಕ್ಷಣೆಯಿಲ್ಲ. ಲಿಪಿಕಾರನು ಒಂದು ಪದವನ್ನು ಬದಲಿಸಿದರೆ ಸಂಖ್ಯೆಯೇ ಬೇರೆಯಾಗುತ್ತದೆ. ಪದ ಶುದ್ಧವಾಗಿದ್ದರೂ ಬೆಲೆ ಸಂದಿಗ್ಧವಾಗಬಹುದು: ‘ರತ್ನ’ವು ಜೈನರ ರತ್ನತ್ರಯದಂತೆ 3, ನವರತ್ನಗಳಂತೆ 9, ‘ತತ್ತ್ವ’ವು ಜೈನರಿಗೆ 7, ಸಾಂಖ್ಯರಿಗೆ 25. ಇಂಥ ಕಡೆ ಪ್ರತಿಗಳ ಬಾಹುಳ್ಯವನ್ನಾಗಲಿ ಪ್ರಾಚೀನತೆಯನ್ನಾಗಲಿ ನೆಚ್ಚುವ ಮೊದಲು ಸಂಪಾದಕನು ಹಾರವನ್ನು ಗುಣಕದಿಂದ ಭಾಗಿಸಿ ನೋಡಬಹುದು. 12345654321ನ್ನು 441ರಿಂದ ಭಾಗಿಸಿದರೆ ಶೇಷವಿಲ್ಲದೆ 27994681 ಬರುತ್ತದೆ. ಬೇರೆ ಯಾವ ಪಾಠಾಂತರವೂ, ಹತ್ತು ಪ್ರತಿಗಳಲ್ಲಿದ್ದರೂ, ಇಲ್ಲಿ ಸಲ್ಲದು.