ನಡಿಗೆಯೂ ಒಂದು ನಿತ್ಯನೇಮ



ಛಟ್ಟಿ ಅಮಾವಾಸ್ಯೆ ಬಂತೆಂದರೆ ಜತ್ತ ತಾಲೂಕಿನ ಗುಡ್ಡಾಪುರದ ದಾರಿಗಳು ಪಾದಯಾತ್ರಿಗಳಿಂದ ತುಂಬುತ್ತವೆ. ವಿಜಯಪುರ, ಬೆಳಗಾವಿ, ಸೋಲಾಪುರ, ಸಾಂಗಲಿ ಕಡೆಯ ಭಕ್ತರು ದಾನಮ್ಮದೇವಿಯ ದರ್ಶನಕ್ಕೆ ನಡೆದೇ ಹೋಗುತ್ತಾರೆ. ಯುಗಾದಿಗೆ ಶ್ರೀಶೈಲದವರೆಗೆ ನಡೆಯುವವರೂ ಇದ್ದಾರೆ. ಆದರೆ ಊರಿಗೆ ಮರಳಿದ ಮರುದಿನ ಅದೇ ಭಕ್ತರು ಓಣಿಯ ತುದಿಯ ಅಂಗಡಿಗೂ ಮೋಟಾರ್ ಸೈಕಲ್ ಹತ್ತುತ್ತಾರೆ. ನಾನೂ ಅವರಲ್ಲೊಬ್ಬನಾಗಿದ್ದೆ.

ಲೆಕ್ಕಪತ್ರ ಬರೆಯುತ್ತ ಕೂಡುವುದೇ ನನ್ನ ಕೆಲಸ. ಎರಡು ವರ್ಷದ ಹಿಂದೆ ಮಿರಜದ ವೈದ್ಯರೊಬ್ಬರು ನನ್ನ ರಕ್ತ ತಪಾಸಣೆಯ ಕಾಗದ ನೋಡಿ, "ಸಕ್ಕರೆ ರೋಗದ ಹೊಸ್ತಿಲಲ್ಲಿ ನಿಂತಿದ್ದೀರಿ, ಒಳಗೆ ಹೋಗುವುದೋ ತಿರುಗಿ ಬರುವುದೋ ನಿಮಗೆ ಬಿಟ್ಟದ್ದು" ಎಂದರು. ಗುಳಿಗೆ ಬರೆಯಲಿಲ್ಲ, ದಿನಕ್ಕೆ ಅರ್ಧ ತಾಸು ನಡೆಯಿರಿ, ಊಟದಲ್ಲಿ ಹಿಡಿತವಿರಲಿ ಎಂದಷ್ಟೇ ಹೇಳಿದರು.

ಅವರ ಮಾತಿಗೆ ಆಧಾರವಿದೆ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತವೆ. ಕುಳಿತಲ್ಲೇ ಕುಳಿತರೆ ಅದು ರಕ್ತದಲ್ಲೇ ಉಳಿಯುತ್ತದೆ. ಸಕ್ಕರೆ ರೋಗದ ಅಂಚಿನಲ್ಲಿದ್ದವರ ಮೇಲೆ ನಮ್ಮ ದೇಶದಲ್ಲೇ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಡಿಗೆ ಮತ್ತು ಊಟದ ನಿಯಮ ಪಾಲಿಸಿದವರಲ್ಲಿ ರೋಗ ತಗಲುವ ಪ್ರಮಾಣ ಶೇ. 28ರಷ್ಟು ಕಡಿಮೆಯಾಯಿತು. 2023ರ ಅಂದಾಜಿನಂತೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ರೋಗವಿದೆ. ನಡಿಗೆಯಿಂದ ರಕ್ತದ ಒತ್ತಡ ಇಳಿಯುತ್ತದೆ, ಹೃದಯ ಗಟ್ಟಿಯಾಗುತ್ತದೆ, ನಿದ್ರೆ ಚೆನ್ನಾಗಿ ಬರುತ್ತದೆ.

ಹೃದಯದ ವಿಷಯದಲ್ಲಿ ಲಂಡನ್ನಿನ ಒಂದು ಉದಾಹರಣೆಯಿದೆ. ಅಲ್ಲಿಯ ಎರಡು ಅಂತಸ್ತಿನ ಬಸ್ಸುಗಳ ನೌಕರರನ್ನು ಜೆರ್ರಿ ಮಾರಿಸ್ ಎಂಬ ವೈದ್ಯರು ಅಭ್ಯಸಿಸಿ 1953ರಲ್ಲಿ ವರದಿ ಪ್ರಕಟಿಸಿದರು. ದಿನವಿಡೀ ಕೂಡುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರರಲ್ಲಿ ಹೃದಯರೋಗ ಕಡಿಮೆ ಇತ್ತು. ಸಾಂಗಲಿಯ ಅರಿಷಿಣ ಪೇಟೆಯಲ್ಲಿ ಗಾದಿಯ ಮೇಲೆ ಕೂಡುವ ಸಾಹುಕಾರರು ಚಾಲಕರ ಸಾಲಿನವರು. ಮಾಲು ನೋಡುತ್ತ ಓಡಾಡುವ ಗುಮಾಸ್ತರು ಕಂಡಕ್ಟರರ ಸಾಲಿನವರು!

"ನಾವು ರೈತರು, ನಮಗೇಕೆ ವಾಯುವಿಹಾರ?" ಎಂದು ಕೆಲವರು ಕೇಳಬಹುದು. ಮೈಮುರಿದು ದುಡಿಯುವವರ ಮಾತು ಬೇರೆ. ಆದರೆ ಈಗ ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ, ನೀರಿಗೆ ಪಂಪ್ ಇದೆ, ಹೊಲಕ್ಕೆ ಹೋಗುವುದೂ ಗಾಡಿಯ ಮೇಲೆಯೇ. ಅಜ್ಜಂದಿರ ಹೊಲ ಉಳಿದಿದೆ, ಅವರ ನಡಿಗೆ ಉಳಿದಿಲ್ಲ.

ಪಾಲಿಸಬೇಕಾದ ನಿಯಮಗಳು:

1. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಂತೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಎಂದರೆ ಐದು ದಿನ ಅರ್ಧ ತಾಸು, ಚುರುಕಾದ ನಡಿಗೆ ಬೇಕು. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಅದೇ ಸರಿಯಾದ ವೇಗ.

2. ಒಮ್ಮೆಲೇ ಅರ್ಧ ತಾಸು ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ ನಡೆಯಿರಿ. ಊಟದ ನಂತರದ ನಡಿಗೆ ಸಕ್ಕರೆಗೆ ವಿಶೇಷವಾಗಿ ಒಳ್ಳೆಯದು.

3. ಸಾಂಗಲಿಯವರಿಗೆ ಆಮರಾಯಿ ಇದೆ, ಕೃಷ್ಣಾ ತೀರವಿದೆ. ಹಳ್ಳಿಯವರಿಗೆ ಹೊಲದ ದಾರಿಯೇ ಸಾಕು. ತಾಯಂದಿರು ಇಬ್ಬರು ಮೂವರು ಜೊತೆಗೂಡಿ ಹೊರಡಲಿ. ಮನೆಗೆಲಸವಿದ್ದರೂ ನಡಿಗೆ ಬೇಕು.

4. ನಡೆಯುವಾಗ ಎದೆ ನೋವು, ವಿಪರೀತ ಏದುಸಿರು ಬಂದರೆ ಕೂಡಲೇ ನಿಂತು ವೈದ್ಯರನ್ನು ಕಾಣಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಕಿಸೆಯಲ್ಲಿ ಸಕ್ಕರೆ ಇಟ್ಟುಕೊಂಡಿರಲಿ.

ಕೊನೆಯದಾಗಿ ಒಂದು ಸಂಕಟದ ಮಾತು. ನಮ್ಮ ಬಂಧುಗಳಲ್ಲಿ ಹಿರಿಯರೊಬ್ಬರಿಗೆ ಬಹಳ ವರ್ಷಗಳಿಂದ ಸಕ್ಕರೆ ರೋಗವಿತ್ತು. ಹರಕೆಯೆಂದು ಬರಿಗಾಲಲ್ಲಿ ಪಾದಯಾತ್ರೆ ಮಾಡಿದರು. ಪಾದ ಜೋಮು ಹಿಡಿದಿದ್ದರಿಂದ ಮುಳ್ಳು ನೆಟ್ಟದ್ದು ತಿಳಿಯಲೇ ಇಲ್ಲ. ಗಾಯ ಕೊಳೆತು ಎರಡು ಬೆರಳು ತೆಗೆಯಬೇಕಾಯಿತು. ಸಕ್ಕರೆ ರೋಗವಿದ್ದವರು ಮೆತ್ತನೆಯ ಪಾದರಕ್ಷೆ ಹಾಕಿಯೇ ನಡೆಯಬೇಕು, ಪ್ರತಿ ರಾತ್ರಿ ಅಂಗಾಲು ನೋಡಿಕೊಳ್ಳಬೇಕು. ಭಕ್ತನ ಕಾಲು ಹೋಗಲಿ ಎಂದು ಯಾವ ದೇವರೂ ಬಯಸುವುದಿಲ್ಲ. ಪಾದಯಾತ್ರೆಗೆ ಹೋಗುವವರು ಎರಡು ತಿಂಗಳ ಮೊದಲೇ ದಿನವೂ ನಡೆದು ರೂಢಿ ಮಾಡಿಕೊಳ್ಳಲಿ.

ವ್ಯಾಪಾರಸ್ಥರಿಗೆ ಗೊತ್ತಿದೆ: ದಿನದ ಕಿರ್ದಿ ಅಂದಂದೇ ಬರೆಯಬೇಕು. ವರ್ಷಕ್ಕೊಮ್ಮೆ ಬರೆಯಲು ಕೂತರೆ ಲೆಕ್ಕ ತಾಳೆಯಾಗುವುದಿಲ್ಲ. ದೇಹದ ಖಾತೆಯೂ ಹಾಗೆಯೇ. ನನ್ನದು ಈಗ ಹೊಸ್ತಿಲಿನಿಂದ ಈಚೆಗೆ ಬಂದಿದೆ; ನಡಿಗೆ ನಿಲ್ಲಿಸಿದರೆ ಮತ್ತೆ ಆಚೆ ಹೋಗುತ್ತದೆ ಎಂಬುದೂ ನೆನಪಿದೆ. ನಾಳೆ ಬೆಳಿಗ್ಗೆ ಗಾಡಿಯ ಕೀಲಿ ಮನೆಯಲ್ಲೇ ಬಿಟ್ಟು ಹೊರಡಿ.

— ಕಾರ್ಯದರ್ಶಿ